ಪಿನ್ನಣ್ಣನ ಮೇಣದ ಮುಲಾಮು

ತಿಳಿಯದೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆಂದು ನಾನು ನಮ್ಮ ಪ್ರಾರ್ಥನಾ ಮಂದಿರದಲ್ಲಿ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಬಂಧುಗಳೇ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. ಇದನ್ನು ನನಗೆ ತಿಳಿಸಿಕೊಟ್ಟವನು ಗ್ರಂಥ ಬಲ್ಲ ಪಂಡಿತನಲ್ಲ, ನಮ್ಮ ಬೀದಿಯ ಸ್ಟೌ ರಿಪೇರಿಯವನು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ ಸ್ವಾಮಿ, ಆದ್ರೆ ನನ್ನನ್ನ ಒಳ್ಳೆಯವನು ಅಂತ ಮಾತ್ರ ಬರೀಬೇಡಿ" ಎಂದ. ಆ ಮಾತನ್ನು ನಡೆಸಿಕೊಡಲು ಪ್ರಯತ್ನಿಸುತ್ತೇನೆ.

ಅವನ ಅಂಗಡಿ ಇಸ್ತ್ರಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ. ಕೈಗಳನ್ನು ಚಾಚಿದರೆ ಎರಡೂ ಬದಿಯ ಗೋಡೆ ಮುಟ್ಟುತ್ತವೆ. ಹಲಗೆಗಳ ಮೇಲೆ ಹಿತ್ತಾಳೆಯ ಪಂಪ್ ಸ್ಟೌಗಳು, ಡಬ್ಬಿಗಳಲ್ಲಿ ಬರ್ನರು, ನಿಪ್ಪಲ್ಲು, ವಾಷರುಗಳು, ಬಾಗಿಲ ಪಕ್ಕದಲ್ಲಿ ಗಿರಾಕಿಗಳಿಗೊಂದು ಬೆಂಚು. ಸೀಮೆಎಣ್ಣೆಯ ವಾಸನೆ ಅವನ ಅಂಗಿಗೆ ಮಾತ್ರವಲ್ಲ, ಅವನು ತಂದುಕೊಟ್ಟ ಬಾಳೆಹಣ್ಣಿಗೂ ಹತ್ತಿರುತ್ತದೆ. ಸ್ಟೌ ಉರಿಯುತ್ತಿಲ್ಲವೆಂದು ಯಾರು ಬಂದರೂ ಅವನ ಮೊದಲ ಪ್ರಶ್ನೆ ನಿಪ್ಪಲ್ಲಿನ ತೂತಿನ ಕಸ ತೆಗೆಯುವ ಪಿನ್ನಿನದೇ: "ಪಿನ್ ಹಾಕಿ ನೋಡಿದ್ರಾ?" ಸೈಕಲ್ ಅಂಗಡಿಯವನು ಒಮ್ಮೆ ತನ್ನ ಹೆಂಡತಿ ಮೂರು ದಿನದಿಂದ ಮಾತಾಡುತ್ತಿಲ್ಲವೆಂದು ಗೋಳಾಡಿದಾಗಲೂ ಇವನ ಬಾಯಿಂದ ಅದೇ ಪ್ರಶ್ನೆ ಬಂದುಬಿಟ್ಟಿತ್ತು. ಅಂದಿನಿಂದ ಇವನು ಎಲ್ಲರಿಗೂ ಪಿನ್ನಣ್ಣ.

ಪಂಪ್ ಸ್ಟೌ ಕಂಡಿರದ ಕಿರಿಯರಿಗಾಗಿ ಒಂದು ಮಾತು. ಅದರ ಪಂಪಿನ ಕೊಳವೆಯೊಳಗೆ ಬಟ್ಟಲಿನಂಥ ಚರ್ಮದ ವಾಷರೊಂದಿರುತ್ತದೆ. ಅದು ಮೆತ್ತಗಿದ್ದರೆ ಗಾಳಿ ಒಳಗೆ ಹೋಗುತ್ತದೆ, ಎಣ್ಣೆ ಮೇಲೇರುತ್ತದೆ, ಬೆಂಕಿ ನೀಲಿಯಾಗಿ ಉರಿಯುತ್ತದೆ. ಒಣಗಿದರೆ ಎಷ್ಟು ಪಂಪ್ ಮಾಡಿದರೂ ವ್ಯರ್ಥ. ಬೇರೆ ರಿಪೇರಿಯವರು ಅದಕ್ಕೆ ಎರಡು ಹನಿ ತೆಳು ಎಣ್ಣೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಅದು ಕೆಲವೇ ವಾರಗಳಲ್ಲಿ ಒಣಗುತ್ತಿತ್ತು. ಪಿನ್ನಣ್ಣ ಹಾಗಲ್ಲ. ಜೇನುಮೇಣ, ಕೊಬ್ಬು, ಗಟ್ಟಿ ಎಣ್ಣೆ ಮೂರನ್ನೂ ಕರಗಿಸಿ ಹದವಾಗಿ ಬೆರೆಸಿ ಒಂದು ಮುಲಾಮು ಮಾಡಿಕೊಂಡಿದ್ದ. ಅದನ್ನು ಹಚ್ಚಿದ ವಾಷರನ್ನು ವರ್ಷವಿಡೀ ಮುಟ್ಟಬೇಕಿರಲಿಲ್ಲ. ಪಿನ್ನಣ್ಣನ ಕೈಗುಣವೇ ಬೇರೆ ಎಂದು ಬೀದಿಯ ಗೃಹಿಣಿಯರು ಹೊಗಳುವಾಗ ಅವನ ಹೆಂಡತಿ, "ಕೈಗುಣ ಅಲ್ಲ ಕಣ್ರೇ, ಮನೇಲಿ ನನ್ನ ಪಾತ್ರೆ ಹಾಳು ಮಾಡಿದ ಗುಣ" ಎನ್ನುತ್ತಿದ್ದಳು. ಮುಲಾಮು ಕಾಯುತ್ತಿದ್ದುದು ಅವಳ ಪಾತ್ರೆಯಲ್ಲೇ.

ಬೀದಿಯ ಕೊನೆಯಲ್ಲಿ ಛಾಪಖಾನೆಯ ಮಹಡಿಯ ಮೇಲೆ ಪರ್ವತಾರೋಹಿಗಳ ಕ್ಲಬ್ಬೊಂದಿದೆ. ಕೆಲವು ವರ್ಷಗಳಿಗೊಮ್ಮೆ ಅಲ್ಲಿಂದ ಒಂದು ತಂಡ ಹಿಮದ ಶಿಖರಗಳಿಗೆ ಹೊರಡುತ್ತದೆ. ಹೊರಡುವ ಮೊದಲು ಎರಡು ತಿಂಗಳು ಆ ಮಹಡಿ ಮದುವೆಮನೆಯಾಗಿರುತ್ತದೆ. ಹಗ್ಗಗಳನ್ನು ತಾರಸಿಯ ಮೇಲೆ ಉದ್ದಕ್ಕೆ ಹಾಸಿ ಬೆರಳಿಂದ ಗೇಣುಗೇಣಾಗಿ ಸವರಿ ನೋಡುತ್ತಾರೆ. ಆಹಾರವನ್ನು ದಿನಕ್ಕಿಷ್ಟೆಂದು ತೂಗಿ ಚೀಲ ಕಟ್ಟುತ್ತಾರೆ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಭಾರವೆಂದು ಅರ್ಧಕ್ಕೆ ಕತ್ತರಿಸುತ್ತಾರೆ. ಸ್ಟೌಗಳು ಮಾತ್ರ ಪಿನ್ನಣ್ಣನ ಅಂಗಡಿಗೆ ಬರುತ್ತಿದ್ದವು. ಅಷ್ಟೆತ್ತರದಲ್ಲಿ ಹರಿಯುವ ನೀರಿಲ್ಲ, ಇರುವುದೆಲ್ಲ ಹಿಮವೇ. ಅದನ್ನು ಕರಗಿಸಿ ಕುಡಿಯಬೇಕು. ಆ ತೆಳುಗಾಳಿಯಲ್ಲಿ ಏದುಸಿರು ಬಿಡುವವನ ಮೈಯ ನೀರು ಉಸಿರಿನೊಡನೆಯೇ ಆರಿಹೋಗುತ್ತದೆ. ಸ್ಟೌ ಹತ್ತದಿದ್ದರೆ ಸುತ್ತ ಎಲ್ಲೆಲ್ಲೂ ಬಿಳಿಯ ನೀರೇ ಇದ್ದರೂ ಮನುಷ್ಯ ಬಾಯಾರಿ ಸಾಯುತ್ತಾನೆ.

ಹತ್ತೊಂಬತ್ತು ವರ್ಷಗಳ ಹಿಂದಿನ ತಂಡದಲ್ಲಿ ನಮ್ಮ ಬೀದಿಯ ಡ್ರಿಲ್ ಮೇಷ್ಟ್ರೂ ಇದ್ದರು. ಸ್ಟೌ ಮತ್ತು ಅಡುಗೆ ಅವರ ಜವಾಬ್ದಾರಿ. ಬೆಂಚಿನ ಮೇಲೆ ಕುಳಿತು, "ಪಿನ್ನಣ್ಣ, ಅಲ್ಲಿ ನಿನ್ನ ಅಂಗಡಿ ಇರಲ್ಲಪ್ಪ, ನೋಡಿ ಮಾಡು" ಎಂದಿದ್ದರು. ನಮ್ಮ ಮೇಷ್ಟ್ರಲ್ಲವೇ ಎಂಬ ಅಕ್ಕರೆಯಿಂದ ಅವನು ವಾಷರುಗಳಿಗೆ ಒಂದು ಪಾಲು ಹಚ್ಚುವಲ್ಲಿ ಎರಡು ಪಾಲು ಮುಲಾಮು ಹಚ್ಚಿದ.

ಶಿಖರದ ಕೆಳಗಿನ ಕೊನೆಯ ಡೇರೆಯಲ್ಲಿ ಮೇಷ್ಟ್ರೂ ಅವರ ಜೊತೆಗಾರನೊಬ್ಬನೂ ಹಿಮಗಾಳಿಗೆ ಸಿಕ್ಕಿ ಮೂರು ದಿನ ಉಳಿದರು. ಕೆಳಗಿನವರು ಹತ್ತಿ ತಲುಪುವಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು. ದೇಹಗಳನ್ನು ಕೆಳಗೆ ತಂದರು. ಸ್ಟೌವನ್ನೂ ತಂದರು. ಅದರ ತುಂಬ ಎಣ್ಣೆಯಿತ್ತು.

ಕ್ಲಬ್ಬಿನವರು ವಿಚಾರಣೆ ನಡೆಸಿದರು. ಸ್ಟೌವನ್ನು ಪಿನ್ನಣ್ಣನ ಮುಂದೆ ತಂದಿಟ್ಟು, ಕೆಟ್ಟಿದೆಯೇ ನೋಡು ಎಂದರು. ಬೇಸಗೆಯ ಮಧ್ಯಾಹ್ನ, ತಗಡಿನ ಮಾಡು ಕಾದಿತ್ತು. ಅವನು ಹತ್ತು ಸಲ ಪಂಪ್ ಮಾಡಿ ಕಡ್ಡಿ ಗೀರಿದ. ನೀಲಿ ಬೆಂಕಿ ಹೂವಿನಂತೆ ಅರಳಿತು. ಸ್ಟೌ ಸುಸ್ಥಿತಿಯಲ್ಲಿದೆಯೆಂದು ಬರೆದ ಕಾಗದಕ್ಕೆ ಅವನು ಸಹಿ ಹಾಕಿದ. ಅಂದು ಅವನು ಸುಳ್ಳು ಹೇಳಲಿಲ್ಲ, ಇದನ್ನು ನೀವು ನೆನಪಿಡಬೇಕು. ಸ್ಟೌ ಸರಿಯಿತ್ತು, ಎಣ್ಣೆಯಿತ್ತು. ಹಾಗಾದರೆ ಹಚ್ಚಬೇಕಾದವನು ಹಚ್ಚದೆ ಮಲಗಿಬಿಟ್ಟ ಎಂದು ಕ್ಲಬ್ಬಿನ ಪುಸ್ತಕದಲ್ಲಿ ದಾಖಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಜೊತೆಗಾರನ ತಾಯಿ ಮೇಷ್ಟ್ರ ಬಾಗಿಲಲ್ಲಿ ನಿಂತು, "ನಿನ್ನ ಗಂಡ ಮಲಗಿ ನನ್ನ ಮಗನ್ನ ಕೊಂದ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮೇಷ್ಟ್ರಮ್ಮ ಏಳು ವರ್ಷದ ಮಗಳ ಕೈಹಿಡಿದು ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದರು.

ನಾಲ್ಕು ತಿಂಗಳು ಕಳೆದವು. ಐಸ್ ಫ್ಯಾಕ್ಟರಿಯಿಂದ ಪಿನ್ನಣ್ಣನಿಗೆ ಕರೆ ಬಂತು. ಹೆಪ್ಪುಗಟ್ಟಿದ ಪೈಪುಗಳನ್ನು ಕಾಯಿಸಲು ಅವರ ಬಳಿ ಒಂದು ಬ್ಲೋ ಲ್ಯಾಂಪ್ ಇತ್ತು. ಅದಕ್ಕೂ ಸ್ಟೌವಿನಂಥದ್ದೇ ಪಂಪು. ಅಲ್ಲಿನ ಮೇಸ್ತ್ರಿ ನಗುತ್ತ, "ಏನಯ್ಯಾ ಇದು, ನೀನು ಮುಲಾಮು ಹಚ್ಚಿದ ಮೇಲೆ ಹೊರಗೆ ಉರಿಯುತ್ತೆ, ಮಂಜಿನ ಕೋಣೆಗೆ ತಗೊಂಡು ಹೋದ್ರೆ ಮುಷ್ಕರ ಹೂಡುತ್ತೆ. ಇದೇನು ನಿನ್ನ ಅಳಿಯನಾ, ಮನೇಲೊಂಥರಾ ಬೀದೀಲೊಂಥರಾ ಇರೋಕೆ?" ಎಂದ.

ಪಿನ್ನಣ್ಣನೂ ನಕ್ಕ. ನಗುತ್ತಲೇ ಲ್ಯಾಂಪನ್ನು ಮಂಜಿನ ಕೋಣೆಯೊಳಗೆ ಅರ್ಧ ಗಂಟೆ ಇಟ್ಟು ಪಂಪ್ ಎಳೆದ. ಹಿಡಿ ಸಲೀಸಾಗಿ ಒಳಗೂ ಹೊರಗೂ ಆಡಿತು, ಗಾಳಿ ಮಾತ್ರ ಹೋಗಲಿಲ್ಲ. ಬಿಚ್ಚಿ ನೋಡಿದರೆ ಚರ್ಮದ ಮೇಲಿನ ಮುಲಾಮು ಮೇಣದಬತ್ತಿಯಂತೆ ಗಟ್ಟಿಯಾಗಿ, ವಾಷರು ಮರದ ಚೂರಿನಂತೆ ಸೆಟೆದು ಕೊಳವೆಯ ಗೋಡೆಯನ್ನೇ ಮುಟ್ಟುತ್ತಿರಲಿಲ್ಲ. ಬಿಸಿಲಿಗೆ ತಂದ. ಹತ್ತು ನಿಮಿಷದಲ್ಲಿ ಮುಲಾಮು ಕರಗಿ ಎಲ್ಲವೂ ಮೊದಲಿನಂತಾಯಿತು. ತನ್ನ ಅಂಗಡಿಯ ಕಾದ ತಗಡಿನ ಕೆಳಗೆ ಅಂದು ನೀಲಿ ಬೆಂಕಿ ಏಕೆ ಅರಳಿತೆಂಬುದು ಅವನಿಗೆ ಆಗ ತಿಳಿಯಿತು. "ಅಲ್ಲೇ ಕೂತುಬಿಟ್ಟೆ ಸ್ವಾಮಿ. ಮೇಸ್ತ್ರಿ ಟೀ ತರಿಸಿದ, ಕುಡಿಯೋಕೆ ಆಗ್ಲಿಲ್ಲ" ಎಂದು ಮುಂದೆ ನನಗೆ ಹೇಳಿದ.

ಮನೆಗೆ ಬಂದು ಮುಲಾಮಿನ ಡಬ್ಬಿಯನ್ನು ಹೂತುಹಾಕಿದ. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲದಾಯಿತು. ಅವನು ರಿಪೇರಿಯ ಸ್ಟೌವಿಗೆ ಎಣಿಸಿ ಹತ್ತು ಸಲ ಪಂಪ್ ಮಾಡುವವನು. ಹತ್ತಕ್ಕೆ ಕೈ ತೆಗೆದರೆ ಹನ್ನೊಂದನೆಯದು ಕೇಳಿಸುತ್ತಿತ್ತು. ಆಮೇಲೆ ಹನ್ನೆರಡು, ಹದಿಮೂರು. ಒಣ ಚರ್ಮ ಹಿತ್ತಾಳೆಗೆ ಉಜ್ಜುವ ಸದ್ದು, ಅವಸರವಿಲ್ಲದೆ, ಡ್ರಿಲ್ ಮಾಡಿಸುವವರ ಎಣಿಕೆಯಂತೆ ಒಂದೇ ಲಯದಲ್ಲಿ. ಹಾಡುಹಗಲಲ್ಲಿ, ಪಕ್ಕದ ಇಸ್ತ್ರಿಯವನು ಹಾಡು ಗುನುಗುತ್ತಿರುವಾಗಲೇ ಹಲಗೆಯ ಮೂಲೆಯಿಂದ ಬರುತ್ತಿತ್ತು. ಹೋಗಿ ನೋಡಿದರೆ ನಿಲ್ಲುತ್ತಿತ್ತು. ಕುಡಿಯಲು ನೀರೆತ್ತಿದರೆ ಅರ್ಧ ಲೋಟಕ್ಕೇ ಕೆಳಗಿಡುತ್ತಿದ್ದ. ಊಟದ ತಟ್ಟೆಯ ಪಕ್ಕದಲ್ಲಿ ದಿನವೂ ಅರ್ಧ ಲೋಟ ನೀರು ಉಳಿಯುವುದನ್ನು ಕಂಡು ಹೆಂಡತಿ, "ಏನ್ರೀ ಇದು, ಇನ್ನರ್ಧ ಯಾರಿಗೆ ಎತ್ತಿಡ್ತೀರಾ?" ಎಂದು ಚೇಷ್ಟೆ ಮಾಡಿದಳು. ಅವನು ಎದ್ದುಹೋದುದನ್ನು ನೋಡಿ ಮತ್ತೆ ಕೇಳಲಿಲ್ಲ.

ಆ ದಿನಗಳಲ್ಲೊಮ್ಮೆ ಪ್ರಾರ್ಥನೆ ಮುಗಿದ ಮೇಲೆ ಅವನು ನನ್ನ ಬಳಿ ಬಂದು, "ಗೊತ್ತಿಲ್ದೆ ತಪ್ಪು ಮಾಡಿದ್ರೆ ಪಾಪವಾ ಸ್ವಾಮಿ?" ಎಂದು ಕೇಳಿದ. ಇಲ್ಲಪ್ಪ, ದೇವರು ಕರುಣಾಮಯಿ, ಮನಸ್ಸು ಹಗುರ ಮಾಡಿಕೊ ಎಂದು ಬೆನ್ನುತಟ್ಟಿದೆ. ಅವನು ಇನ್ನೂ ಏನೋ ಹೇಳಲೆಂದು ನಿಂತೇ ಇದ್ದ. ನನಗೆ ಒಂದು ನಾಮಕರಣದ ಊಟಕ್ಕೆ ಹೊತ್ತಾಗಿತ್ತು, ಹೊರಟುಬಿಟ್ಟೆ. ತಪ್ಪು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ಏನೆಂಬುದು ಅವನ ಪ್ರಶ್ನೆಯ ಉಳಿದರ್ಧ. ಆ ಅರ್ಧವನ್ನು ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಈ ಲೆಕ್ಕವನ್ನು ನಾನೂ ಒಂದು ದಿನ ದೇವರ ಮುಂದೆ ಒಪ್ಪಿಸಬೇಕಾಗಿದೆ.

ಕ್ಲಬ್ಬಿನ ಕೆಲಸವನ್ನು ಅವನು ಮತ್ತೆ ಮುಟ್ಟಲಿಲ್ಲ. ಸ್ಟೌಗಳು ಬೇರೆಯವರ ಬಳಿಗೆ ಹೋದವು. ಕಾಲ ಸರಿದಂತೆ ಆ ಬೇರೆಯವರೆಲ್ಲ ಅಂಗಡಿ ಮುಚ್ಚಿದರು. ಊರಿಗೆ ಇವನೊಬ್ಬನೇ ಉಳಿದ.

ಈ ವರ್ಷ ಒಂದು ಬೆಳಿಗ್ಗೆ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಗೋಣಿಚೀಲದಲ್ಲಿ ನಾಲ್ಕು ಸ್ಟೌ ಹೊತ್ತು ತಂದು ಬೆಂಚಿನ ಮೇಲಿಟ್ಟಳು. ವಿದ್ಯುತ್ ಕಂಬ ಹತ್ತಿ ತಂತಿ ಬಿಗಿಯುವ ಕೆಲಸದವಳು, ಅಂಗೈ ಗಂಡಸರಂತೆ ಒರಟಾಗಿತ್ತು.

"ಪಿನ್ನಣ್ಣ ಮಾಮ ನೀವೇ ಅಲ್ವಾ? ನಾನು ಡ್ರಿಲ್ ಮೇಷ್ಟ್ರ ಮಗಳು. ಸೋಮವಾರ ಹೊರಡ್ತಾ ಇದೀವಿ. ಅದೇ ಶಿಖರಕ್ಕೆ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. "ಸ್ಟೌ ಯಾರ ಕೈಲಿ ಮಗಳೇ?"

"ನನ್ನ ಕೈಲೇ. ಹಟ ಮಾಡಿ ತಗೊಂಡಿದೀನಿ. ಮಲಗಿಬಿಟ್ಟೋನ ಮಗಳು ಅಂತ ಕ್ಲಬ್ಬಲ್ಲಿ ಈಗಲೂ ಗುಸುಗುಸು. ಮೇಲಿನ ಡೇರೇಲಿ ನಾನೇ ಸ್ಟೌ ಹಚ್ಚಿ ತೋರಿಸ್ತೀನಿ. ಅದಕ್ಕೇ ನಿಮ್ಮ ಹತ್ರ ಬಂದೆ. ಆವತ್ತು ಎಲ್ಲಾ ಹಾಳಾದ್ರೂ ನಿಮ್ಮ ಕೆಲಸ ಒಂದೇ ಹಾಳಾಗಿರಲಿಲ್ವಂತೆ." ಅವಳು ನಕ್ಕಳು. "ಮಾಮ, ಅಪ್ಪನ ಸ್ಟೌಗೆ ಅದೇನೋ ಮುಲಾಮು ಹಚ್ಚಿದ್ರಂತಲ್ಲ, ಅದನ್ನೇ ಹಚ್ಚಿ."

ಹೊರಗೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬುತ್ತಿದ್ದ. ಅದು ನಿಜವಾದ ಪಂಪಿನ ಸದ್ದೋ ತನ್ನ ಕಿವಿಯದೋ ಎಂದು ಪಿನ್ನಣ್ಣ ಒಮ್ಮೆ ಬಗ್ಗಿ ನೋಡಿದ.

"ಆ ಮೇಣ ಈಗ ಸಿಗಲ್ಲಮ್ಮ. ತೆಳು ಎಣ್ಣೆ ಹಾಕ್ತೀನಿ. ಮೂರು ದಿನಕ್ಕೊಂದ್ಸಲ ನೀನೇ ಎರಡು ಹನಿ ಬಿಟ್ಕೋಬೇಕು."

"ಮೇಣ ತಾನೇ? ನಾನು ತಂದ್ಕೊಡ್ತೀನಿ ಬಿಡಿ. ನಮ್ಮ ಆಫೀಸಿನ ಹಿಂದೇನೇ ಜೇನು ಸಾಕೋರಿದಾರೆ."

"ಬೇಡ."

"ಯಾಕೆ ಮಾಮ? ನಮಗೆ ಹಚ್ಚೋಕೆ ಮನಸಿಲ್ವಾ?"

ಅವನಿಗೆ ಒಂದು ದಾರಿ ಕಂಡಿತು. ಬಂಧುಗಳೇ, ಸೈತಾನನು ತೋರಿಸುವ ದಾರಿಗಳೆಲ್ಲ ಕೆಟ್ಟವಾಗಿಯೇ ಕಾಣುವುದಿಲ್ಲ. ಸರಿ ಎನ್ನುವುದು, ಮೇಣವನ್ನು ತೆಗೆದುಕೊಂಡು ಎಸೆಯುವುದು, ಸ್ಟೌಗಳಿಗೆ ತೆಳು ಎಣ್ಣೆ ಬಿಟ್ಟು ಕಳಿಸುವುದು. ಹುಡುಗಿಯೂ ಉಳಿಯುತ್ತಾಳೆ, ತನ್ನ ಮಾನವೂ ಉಳಿಯುತ್ತದೆ. "ಆಗ್ಲಿ, ತಂದ್ಕೊಡು" ಎಂದೂ ಬಿಟ್ಟ. ಅವಳು ಖುಷಿಯಿಂದ ಎದ್ದು, ಹೊರಡುವ ಮುನ್ನ ಒಂದು ಸ್ಟೌವಿನ ಪಂಪನ್ನು ಸುಮ್ಮನೆ ಒತ್ತಿ ನೋಡಿದಳು.

"ಒಂದು ವಿಷ್ಯ ಮಾಮ. ಅಮ್ಮ ಯಾವಾಗ್ಲೂ ಹೇಳ್ತಾಳೆ. ಅಪ್ಪನ ಬಲಗೈ ಅಂಗೈ ಮಧ್ಯೆ ದುಂಡಗೆ ಒಂದು ಗಾಯ ಇತ್ತಂತೆ. ಕೋಟಿನ ದೊಡ್ಡ ಗುಂಡಿಯಷ್ಟು, ಚರ್ಮ ಕಿತ್ತು ಮಾಂಸ ಕಾಣೋ ಹಾಗೆ. ಡಾಕ್ಟ್ರು ಶೀತದ ಹುಣ್ಣು ಅಂದ್ರಂತೆ. ಶೀತಕ್ಕೆ ಬೆರಳು ಹೋಗುತ್ತೆ, ಅಂಗೈ ಮಧ್ಯೆ ದುಂಡಗೆ ಯಾಕೆ ಆಗುತ್ತೆ? ನೀವು ಅಪ್ಪನ್ನ ನೋಡಿದೋರು. ಇಲ್ಲಿಂದ ಹೋಗುವಾಗ್ಲೇ ಇತ್ತಾ ಅದು?"

ಪಿನ್ನಣ್ಣ ಈ ಗಾಯದ ವಿಷಯವನ್ನು ಅದುವರೆಗೆ ಕೇಳಿರಲಿಲ್ಲ. ಅವನು ಎದ್ದು ಬಂದು ಅವಳ ಬಲಗೈ ಹಿಡಿದು, ಅಂಗೈಯನ್ನು ಸ್ಟೌವಿನ ಪಂಪಿನ ಹಿಡಿಯ ದುಂಡು ಗುಬುಟದ ಮೇಲಿಟ್ಟು ಒತ್ತಿದ. ಮತ್ತೊಮ್ಮೆ ಒತ್ತಿದ. ಕೈಯೆತ್ತಿಸಿ ತೋರಿಸಿದ. ಅಂಗೈಯ ನಡುವೆ ದುಂಡಗಿನ ಕೆಂಪು ಗುರುತು ಮೂಡಿತ್ತು.

"ನಿಮ್ಮಪ್ಪ ಮಲಗಿರಲಿಲ್ಲಮ್ಮ" ಎಂದ. ಆಮೇಲೆ ಮುಲಾಮು, ಐಸ್ ಫ್ಯಾಕ್ಟರಿ, ಸಹಿ ಹಾಕಿದ ಕಾಗದ, ಹತ್ತೊಂಬತ್ತು ವರ್ಷ, ಎಲ್ಲವನ್ನೂ ಹೇಳಿದ.

ಅವಳು ಅಂಗೈಯನ್ನು ತಾನೇ ಮತ್ತೊಮ್ಮೆ ಗುಬುಟದ ಮೇಲಿಟ್ಟು ಒತ್ತಿ ಗುರುತನ್ನು ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಕಂಬದ ಮೇಲಿನ ಕೆಲಸದವಳು, ತಂತಿ ಸತ್ತಿದೆಯೆಂದು ಯಾರು ಹೇಳಿದರೂ ಪರೀಕ್ಷಿಸದೆ ಮುಟ್ಟದವಳು. "ಮಾಮ" ಎಂದಳು, ಮತ್ತೆ ಆ ಕರೆಯನ್ನು ನುಂಗಿ, "ನಡೀರಿ, ಐಸ್ ಫ್ಯಾಕ್ಟರೀಲಿ ತೋರಿಸಿ" ಎಂದಳು.

ಮಾರನೆಯ ದಿನ ಇಬ್ಬರೂ ಮಂಜಿನ ಕೋಣೆಯೊಳಗೆ ಕುಳಿತರು. ಮೇಣ ಅವಳೇ ತಂದಿದ್ದಳು. ಒಂದು ಸ್ಟೌವಿಗೆ ಹಳೆಯ ಮುಲಾಮು, ಮೂರಕ್ಕೆ ತೆಳು ಎಣ್ಣೆ. ಮೂರು ಉರಿದವು, ಒಂದು ಸತ್ತಂತೆ ಕುಳಿತುಬಿಟ್ಟಿತು. ಅವಳು ಆ ನಾಲ್ಕನೆಯದರ ವಾಷರನ್ನು ಕಿತ್ತು ಬೆರಳಿಂದ ತಟ್ಟಿದಳು, ಟಕಟಕ ಎಂದಿತು. ಹೊಸದು ಹಾಕಿಸಿ, ತೆಳು ಎಣ್ಣೆ ಬಿಡಿಸಿ, ಅದೂ ಉರಿಯುವುದನ್ನು ಕಣ್ಣಾರೆ ಕಂಡಳು.

"ನಾಲ್ಕನ್ನೂ ತಗೊಂಡು ಹೋಗ್ತೀನಿ. ಆದ್ರೆ ಅಮ್ಮನಿಗೆ ನಾನು ಹೇಳಲ್ಲ, ನೀವೇ ಬಂದು ಹೇಳ್ಬೇಕು. ಭಾನುವಾರದೊಳಗೆ."

ಅವಳು ಹೋದ ಮೇಲೂ ಅವನು ಆ ಕೋಣೆಯಿಂದ ಹೊರಡಲಿಲ್ಲವೆಂದು ಮೇಸ್ತ್ರಿ ಹೇಳುತ್ತಾನೆ. ಒಳಗೆ ಏನು ಮಾಡುತ್ತಿದ್ದನೆಂಬುದು ಮಾತ್ರ ಮೇಸ್ತ್ರಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಬಲಗೈಗೆ ಬಟ್ಟೆ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದ. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಈ ಸಲ ನಾನು ಕೊನೆಯವರೆಗೂ ಕೇಳಿದೆ. ಜೊತೆಗೆ ಬನ್ನಿ ಎಂದ. ಹೋದೆ.

ಮೇಷ್ಟ್ರಮ್ಮನ ಮನೆ ಎರಡನೆಯ ಮಹಡಿಯಲ್ಲಿತ್ತು, ಒಂದೇ ಕೋಣೆ. ಹೊಲಿಗೆ ಯಂತ್ರ, ಮಡಚಿದ ಹಾಸಿಗೆ, ಬೀದಿಯ ಕಡೆಯ ಕಿಟಕಿ. ಆ ಕಿಟಕಿ ಮುಚ್ಚಿತ್ತು. ಅದನ್ನು ಅವರು ತೆರೆಯುವುದು ಅಪರೂಪವೆಂದು ಅಗುಳಿಯ ತುಕ್ಕೇ ಹೇಳುತ್ತಿತ್ತು. ಮಗಳು ಗೋಡೆಗೊರಗಿ ನಿಂತಿದ್ದಳು. ಮೂಲೆಯಲ್ಲಿ ಅವಳ ಬೆನ್ನುಚೀಲ ಕಟ್ಟಿ ಸಿದ್ಧವಾಗಿತ್ತು.

ಪಿನ್ನಣ್ಣ ಕೂರದೆ ನಿಂತೇ ಹೇಳಿದ. ಮೇಷ್ಟ್ರಮ್ಮ ಯಂತ್ರದ ಮೇಲೆ ಕೈಯಿಟ್ಟು ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಹೊತ್ತು ಪಂಪ್ ಮಾಡಿರಬಹುದು ಅವರು?"

ಅವನು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಅಂಗೈಯ ನಡುವೆ ಕೋಟಿನ ಗುಂಡಿಯಷ್ಟು ದುಂಡಗೆ ಚರ್ಮ ಹರಿದು ಹಸಿಮಾಂಸ ಕಾಣುತ್ತಿತ್ತು.

"ಆ ಮಂಜಿನ ಕೋಣೇಲಿ ಕೂತು ಮಾಡಿ ನೋಡ್ದೆ, ಅಮ್ಮಾವ್ರೇ. ಎರಡು ಗಂಟೆ ಹತ್ತು ನಿಮಿಷಕ್ಕೆ ಚರ್ಮ ಹೋಯ್ತು. ನನ್ನದು ಜಡ್ಡು ಕಟ್ಟಿದ ಕೈ. ಮೇಷ್ಟ್ರದು ಮೆತ್ತಗೆ ಇದ್ದಿರಬಹುದು."

"ಮೆತ್ತಗಿರಲಿಲ್ಲ. ದಿನಾ ಹಗ್ಗ ಹತ್ತೋರು" ಎಂದರು ಮೇಷ್ಟ್ರಮ್ಮ. ಅವರ ದೃಷ್ಟಿ ಅವನ ಮುಖಕ್ಕೆ ಏರಲೇ ಇಲ್ಲ, ಆ ಗಾಯದ ಮೇಲೆಯೇ ಇತ್ತು. "ಹಾಗಾದ್ರೆ ಎರಡು ಗಂಟೆಗಿಂತ ಜಾಸ್ತಿ."

"ಜಾಸ್ತೀನೇ ಇರಬೇಕು ಅಮ್ಮ."

ಪ್ರಾರ್ಥನೆಯ ಒಂದು ಸಾಲಾದರೂ ನನ್ನ ನಾಲಗೆಗೆ ಬಂದಿದ್ದರೆ ಹೇಳುತ್ತಿದ್ದೆ. ಬರಲಿಲ್ಲ. ಮೇಷ್ಟ್ರಮ್ಮ ಎದ್ದು ಪೆಟ್ಟಿಗೆಯಿಂದ ಕಾಗದ, ಪೆನ್ನು ತಂದು ಯಂತ್ರದ ಹಲಗೆಯ ಮೇಲಿಟ್ಟರು.

"ಬರೀರಿ."

ಅವನ ಕೈ ನೋಡಿ ನಾನು ಬರೆದುಕೊಡಲು ಮುಂದಾದೆ. "ನೀವು ಸುಮ್ನಿರಿ. ಆವತ್ತು ಸಹಿ ಹಾಕಿದ ಕೈಯೇ ಬರೀಲಿ" ಎಂದರು.

ಅವನು ಬರೆದ. ಪ್ರತಿ ಸಾಲಿಗೂ ಪೆನ್ನು ಜಾರುತ್ತಿತ್ತು, ಕಾಗದದ ಅಂಚು ಕೆಂಪಾಯಿತು. ಮೇಷ್ಟ್ರಮ್ಮ ತೆಗೆದುಕೊಂಡು ಓದಿ, ಒಂದು ಕಡೆ ಬೆರಳಿಟ್ಟು ಹಿಂದಿರುಗಿಸಿದರು.

"'ಸ್ಟೌ ಕೆಟ್ಟಿತ್ತು' ಅಂತ ಬರೆದಿದೀರಿ. ಅದು ತಾನಾಗಿ ಕೆಟ್ಟಿತಾ?"

ಅವನು ಆ ಸಾಲನ್ನು ಹೊಡೆದುಹಾಕಿ, ಸ್ಟೌವನ್ನು ಕೆಡಿಸಿದವನು ನಾನು, ನಾಲ್ಕು ತಿಂಗಳಿಗೇ ಅದು ನನಗೆ ತಿಳಿದಿತ್ತು, ತಿಳಿದೂ ಹತ್ತೊಂಬತ್ತು ವರ್ಷ ಮುಚ್ಚಿಟ್ಟೆ ಎಂದು ಬರೆದು ಸಹಿ ಹಾಕಿದ.

ಮೇಷ್ಟ್ರಮ್ಮ ಕಾಗದವನ್ನು ಮಗಳ ಕೈಗೆ ಕೊಟ್ಟರು. ನಮ್ಮನ್ನು ಕೂರಿರಿ ಎನ್ನಲಿಲ್ಲ, ಹೋಗಿರಿ ಎಂದೂ ಎನ್ನಲಿಲ್ಲ. ಕಿಟಕಿಯ ಬಳಿ ಹೋಗಿ ತುಕ್ಕು ಹಿಡಿದ ಅಗುಳಿಯನ್ನು ಎರಡೂ ಕೈಯಿಂದ ಎಳೆದು ಬಾಗಿಲುಗಳನ್ನು ತಳ್ಳಿ ತೆರೆದರು. ಕೆಳಗೆ ಬೀದಿಯಲ್ಲಿ ಜನ ನಡೆದಾಡುತ್ತಿದ್ದರು.

"ಇಲ್ಲಿ ಬಂದು ನಿಂತು ಓದು ಮಗಳೇ" ಎಂದರು. "ಜೋರಾಗಿ ಓದು."